ತಾಸಿಗೊಂದು ಹನಿ

ಕಾರಟಗಿಯ ರೈಸ್‌ಮಿಲ್ಲಿನಾಗ
ಎಪ್ಪತ್ತೈದು ಕೇಜಿ ಚೀಲ ಎತ್ತೋ ಕೈ ಇದು.
ಹೆಬ್ಬೆರಳಿಗೆ ಕೊಕ್ಕಿ ಕಚ್ಚಿದ ಗುರುತು,
ಅಂಗೈ ಅಂದ್ರ ಒಣಗಿದ ಹಲಗಿ.
ಈ ಕೈಗೆ ಈಗ ಒಂದು ಹನಿ ಹೊರಿಸ್ಯಾರ.

ತಿಪ್ಪಮ್ಮನ ಕಣ್ಣಿಗೆ ಭತ್ತದ ಹೊಟ್ಟು ಬಡಿದದ್ದು
ಸೋಮವಾರ, ಮಧ್ಯಾಹ್ನದ ಪಾಳಿ.
ಬ್ಲೋವರ್ ಬಾಯಿಗೆ ಕಸ ಬಳಿಯೋವಾಗ
ಒಂದು ಚಿಪ್ಪು, ಅರ್ಧ ಜೀರಿಗಿಯಷ್ಟು.
"ಏನಿಲ್ಲ ಬಿಡು" ಅಂತ ಸೆರಗಿನ ತುದಿ ಉಂಡಿ ಮಾಡಿ
ಬಾಯಿಲೆ ಊದಿ ಒತ್ತಿಕೊಂಡ್ಲು,
ಮತ್ತ ಪೊರಕಿ ಹಿಡದ್ಲು.

ಮೊದಲು ಮಗ್ಗಲ ಮನಿ ಬಾಣಂತಿ ಎದಿಹಾಲು ಹಿಂಡಿದ್ಲು.
ಆಮ್ಯಾಲ ಒಬ್ಬ ಮುದುಕಿ ನಾಲಿಗಿಲೆ ಕಸ ತೆಗದ್ಲು,
ತೆಗೆದು ಅಂಗೈ ಮ್ಯಾಲ ತೋರಿಸಿದ್ಲು, ನನಗೇನೂ ಕಾಣ್ಲಿಲ್ಲ.
ಆಮ್ಯಾಲ ಬಸ್‌ಸ್ಟ್ಯಾಂಡಿನ ಮೆಡಿಕಲ್ ಹುಡುಗ
ಕಣ್ಣು ಬಿಚ್ಚಿ ನೋಡದೆ ಒಂದು ಸೀಸೆ ಕೊಟ್ಟ.
ಎರಡು ದಿನ ಕೆಂಪು ಇಳಿದಿತ್ತು.
ನಾವು ಅವನಿಗೆ ಚಹಾ ಕುಡಿಸಿದ್ವಿ.

ಐದನೇ ದಿನ ಕರಿಗುಡ್ಡಿ ಮ್ಯಾಲ
ಅಕ್ಕಿನುಚ್ಚಿನಂಥ ಬಿಳಿ ಚುಕ್ಕಿ.
ನಾನು ಅಕ್ಕಿಯವ, ನುಚ್ಚು ಗುರುತಿಸ್ತೀನಿ.
ನುಚ್ಚು ಬೆಳಿಯೋದು ನೋಡಿದ್ದು ಇದೇ ಮೊದಲು.

ಗಂಗಾವತಿ ಡಾಕ್ಟರಮ್ಮ ಸೀಸೆ ತಿರುಗಿಸಿ ನೋಡಿದ್ರು,
ಬೈಲಿಲ್ಲ, ಸುಮ್ನ ಬುಟ್ಟಿಗೆ ಒಗದ್ರು.
"ಬೂಜಿಗೆ ಗೊಬ್ಬರ ಹಾಕೀರಿ," ಅಂದ್ರು.
ಕಣ್ಣು ಜೋಮು ಹಿಡಿಯೋ ಹನಿ ಬಿಟ್ಟು
ಸಣ್ಣ ಬ್ಲೇಡಿಲೆ ಹುಣ್ಣಿನ ಅಂಚು ಕೆರೆದು
ಗಾಜಿನ ಪಟ್ಟಿಗೆ ಸವರಿದ್ರು.
"ಬರ್ರಿ, ನೀವೂ ನೋಡ್ರಿ."

ಒಂದು ಕಣ್ಣು ಮುಚ್ಚಿ ಬಗ್ಗಿದೆ.
ಎಡದಂಡಿ ಕಾಲುವಿ ಇತ್ತು ಅಲ್ಲಿ!
ಕಾಲುವಿ, ಅದಕ್ಕ ಉಪಕಾಲುವಿ, ಅದಕ್ಕ ಹೊಲಗಾಲುವಿ,
ನಡುನಡುವೆ ಗೇಟು ಇಳಿಸಿದಂಗ ಅಡ್ಡಗೆರಿ.
ಯಾರನ್ನೂ ಕೇಳದೆ
ನಮ್ಮ ತಿಪ್ಪಮ್ಮನ ಕಣ್ಣಾಗ
ಯಾವನೋ ನೀರಾವರಿ ಮಾಡಿಕೊಂಡಿದ್ದ.

ಹಾಲಿನಂಥ ಔಷಧ, ಅಲುಗಾಡಿಸಿ ಹಾಕಬೇಕು.
ತಾಸಿಗೊಂದು ಹನಿ, ಹಗಲೂ ರಾತ್ರಿ.
ಸೀಸೆ ಮೂತಿ ರೆಪ್ಪಿಗೆ ತಾಗಬಾರದು, ಪಟ್ಟಿ ಕಟ್ಟಬಾರದು.
ಮಗ ಯಮನೂರ ಮೊಬೈಲಿನಾಗ
ಇಪ್ಪತ್ನಾಕು ಅಲಾರಂ ಇಟ್ಟ,
ಒಂದೊಂದಕ್ಕೂ "ಅವ್ವ" ಅಂತ ಹೆಸರು ಕೊಟ್ಟ.

ಹನ್ನೆರಡು.
ಒಂದು.
ಎರಡಕ್ಕ ಕರೆಂಟ್ ಇರಲಿಲ್ಲ, ಟಾರ್ಚ್ ಹಲ್ಲಾಗ ಕಚ್ಚಿಕೊಂಡೆ.
ಬೆಳಕು ಅಂದ್ರ ಚೂರಿ ಹಾಕಿದಂಗ ಆಕಿಗೆ.
ಮೊದಲ ಹನಿ ಕೆನ್ನಿಗೆ. ಎರಡನೇದು ಮೂಗಿಗೆ.
"ಚೀಲ ಒಗಿಯೋದಲ್ಲ ಇದು," ಅಂದ್ಲು,
ಆ ನೋವಿನಾಗೂ ನಕ್ಕಳು.
ನಾನು ನಗಲಿಲ್ಲ. ಸೀಸೆಗೆ ಎಷ್ಟು ರೊಕ್ಕ
ನನಗ ಗೊತ್ತಿತ್ತು.

ಮೂರು ವಾರದ ಮ್ಯಾಲ ಕುರ್ಚಿ ಮ್ಯಾಲ ಕೂಡಿಸಿ
ಬೆಳಕು ಹಿಡಿದ್ರು. "ಐತಿ."
ಕೈ ಬೀಸಿದ್ರು. "ಏನೋ ಅಲುಗಾಡ್ತೈತಿ."
ಮುಂದಿನ ವಾರ ಬೆರಳು. "ಮೂರು," ಅಂದ್ಲು. ಇದ್ದದ್ದು ಎರಡು.
ಅದರ ಮುಂದಿನ ವಾರ
ಆಕಿ ಅಂದದ್ದೂ ಎರಡು, ಇದ್ದದ್ದೂ ಎರಡು.
ನಾನು ಎದ್ದು ನಿಂತೆ.
ಯಾಕ ನಿಂತೆನೋ, ಎಲ್ಲರೂ ನೋಡಿದ್ರು.

ಹುಣ್ಣು ಒಣಗಿತು, ಕಲಿ ಉಳಿತು.
ಚಹಾದಂಗಡಿ ಗಾಜಿನ ಮ್ಯಾಲಿನ ಹಬಿ ಅನ್ರಿ,
ಒರಸಿದ್ರ ಹೋಗೋದಲ್ಲ.
ಮಿಲ್ಲಿನಾಗ ಈಗ ಎಲ್ಲರಿಗೂ ಪ್ಲಾಸ್ಟಿಕ್ ಕನ್ನಡಕ,
ಅರ್ಧ ಮಂದಿ ಹಣಿ ಮ್ಯಾಲ ಏರಿಸಿಕೊಂಡು ಕೆಲಸ ಮಾಡ್ತಾರ.
ಆಕಿ ಒಬ್ಬಾಕಿ ಊಟಕ್ಕ ಕುಂತಾಗಲೂ ತೆಗಿಯಂಗಿಲ್ಲ.

ಕಣ್ಣು ಪೂರ್ತಿ ತಣ್ಣಗಾದ ಮ್ಯಾಲ
ಸತ್ತವರು ಕೊಟ್ಟ ಗಾಜಿನ ಪದರ ತಂದು
ಹೊಲೀಬಹುದಂತ. ರಿಜಿಸ್ಟರಿನಾಗ ಹೆಸರು ಬರೆಸೀವಿ.

ಹನಿ ನಿಲ್ಲಿಸಿದ್ರೂ ನನಗ ಎರಡಕ್ಕ ಎಚ್ಚರ ಆಗ್ತೈತಿ,
ಬರೀ ಕೈ ಸೀಸೆ ಅಲುಗಾಡಿಸ್ತೈತಿ.
ನಿನ್ನೆ ಆಕಿಗೂ ಎಚ್ಚರ ಇತ್ತು. ಕತ್ತಲಾಗ ಕೇಳಿದ್ಲು:
"ನನಗ ಕಣ್ಣು ಕೊಡಾಕಿ ಈಗ ಎಲ್ಲಿದ್ದಾಳು?"
"ಎಲ್ಲೋ ಒಂದು ಕಡಿ. ಇನ್ನೂ ಬದುಕ್ಯಾಳ."
ಸ್ವಲ್ಪ ಹೊತ್ತು ಸುಮ್ನಿದ್ಲು.
"ಹಂಗಾದ್ರ ತಡ ಆಗಲಿ ಬಿಡು," ಅಂದು
ಆ ಕಡಿ ಮಗ್ಗಲಾದ್ಲು.